ಹಳೇ ವಾಲ್ವ್ ರೇಡಿಯೋಗೆ ಪ್ಲಗ್ ಹಾಕುವ ಮೊದಲು ಕಂಡೆನ್ಸರ್ ಬದಲಿಸಿ

ಮಳೆಗಾಲ ಮುಗಿದು ಅಟ್ಟ ಗುಡಿಸುವ ಹೊತ್ತಿಗೆ ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಎಲ್ಲೋ ಒಂದು ಕಡೆ ಹಳೇ ರೇಡಿಯೋ ಕೆಳಗೆ ಇಳಿಯುತ್ತದೆ. ಮರದ ಪೆಟ್ಟಿಗೆ, ಮುಂದೆ ಬಟ್ಟೆ, ಗಾಜಿನ ಡಯಲ್ ಮೇಲೆ ಸಿಲೋನ್, ದೆಹಲಿ, ಲಂಡನ್ ಅಂತ ಅಕ್ಷರ. ಧೂಳು ಒರೆಸಿದ ಕೂಡಲೇ ಮನೆಯಲ್ಲಿ ಯಾರಾದರೂ ಒಬ್ಬರು "ನೋಡೋಣ, ಹಾಡುತ್ತಾ?" ಅಂತ ಪ್ಲಗ್ ಹಾಕಲು ಹೋಗುತ್ತಾರೆ.

ದಯವಿಟ್ಟು ಹಾಕಬೇಡಿ. ಈ ಲೇಖನದಲ್ಲಿ ಬೇರೇನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ. ಐವತ್ತು ಅರವತ್ತು ವರ್ಷದ ರೇಡಿಯೋ ಸಾಮಾನ್ಯವಾಗಿ ಸತ್ತಿರುವುದಿಲ್ಲ. ವಾಲ್ವುಗಳು, ಅಂದರೆ ಒಳಗೆ ಕೆಂಡದ ಹಾಗೆ ಬೆಳಗುವ ಗಾಜಿನ ಕೊಳವೆಗಳು, ಚೆನ್ನಾಗಿರುತ್ತವೆ, ಟ್ರಾನ್ಸ್‌ಫಾರ್ಮರ್ ಚೆನ್ನಾಗಿರುತ್ತದೆ, ಕಾಯಿಲ್‌ಗಳೂ ಸರಿಯಾಗಿರುತ್ತವೆ. ಹಾಳಾಗಿರುವುದು ಕೆಪಾಸಿಟರ್‌ಗಳು, ನಮ್ಮ ಕಡೆಯ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಕಂಡೆನ್ಸರ್. ಅವು ಹಾಳಾಗಿರುವಾಗ ಕರೆಂಟ್ ಕೊಟ್ಟರೆ, ಅಷ್ಟು ವರ್ಷ ಉಳಿದುಕೊಂಡಿದ್ದ ಟ್ರಾನ್ಸ್‌ಫಾರ್ಮರ್ ಐದು ನಿಮಿಷದಲ್ಲಿ ಸುಟ್ಟು ಹೋಗಬಹುದು. ಕಂಡೆನ್ಸರ್ ಕೆಲವೇ ರೂಪಾಯಿಯ ಸಾಮಾನು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಮತ್ತೆ ಸುತ್ತಿಸಬೇಕು, ಆ ಕೆಲಸ ಮಾಡುವವರು ಈಗ ಸಿಗುವುದೇ ಕಷ್ಟ.

ಯಾಕೆ ಹಾಳಾಗುತ್ತವೆ ಅಂತ ಸ್ವಲ್ಪ ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. ಆ ಕಾಲದ ಸಣ್ಣ ಕಂಡೆನ್ಸರ್ ಅಂದರೆ ಎರಡು ತೆಳು ಲೋಹದ ಹಾಳೆ, ಮಧ್ಯೆ ಕಾಗದ, ಸುರುಳಿ ಸುತ್ತಿ ಮೇಲೆ ಮೇಣ ಹಚ್ಚಿದ್ದು. ಕಾಗದ ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ಈ ಕಾಗದದ ಗತಿ ಏನು ಅಂತ ಯೋಚಿಸಿ. ಒಳಗೆ ತೇವ ಸೇರಿದ ಮೇಲೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ತಡೆಯಬೇಕಾದ ಕಂಡೆನ್ಸರ್ ಡಿಸಿಯನ್ನು ಸೋರಲು ಬಿಡುತ್ತದೆ. ಇನ್ನೊಂದು ಜಾತಿ ದೊಡ್ಡ ಡಬ್ಬಿಯ ಎಲೆಕ್ಟ್ರೋಲೈಟಿಕ್. ಅದರೊಳಗಿನ ರಸ ಒಣಗುತ್ತದೆ, ಕರೆಂಟ್ ಕಾಣದೆ ಹಲವು ವರ್ಷ ಕೂತರೆ ಒಳಗಿನ ಆಕ್ಸೈಡ್ ಪೊರೆ ತೆಳುವಾಗುತ್ತದೆ.

ಹೋದ ವರ್ಷ ಸಕಲೇಶಪುರದ ಹತ್ತಿರದ ಹಳ್ಳಿಯಿಂದ ಒಬ್ಬ ಅಜ್ಜಿ ತಮ್ಮ ಮೊಮ್ಮಗನ ಕೈಲಿ ಐದು ವಾಲ್ವಿನ ರೇಡಿಯೋ ಕಳಿಸಿದ್ದರು. ಫೋನಿನಲ್ಲಿ ಹೇಳಿದರು: "ನಮ್ಮನೆಯವರು ಪ್ರದೇಶ ಸಮಾಚಾರ ಕೇಳದೆ ಊಟಕ್ಕೆ ಕೂರ್ತಿರ್ಲಿಲ್ಲ ಕಣಪ್ಪ. ಒಂದ್ಸಲ ಅದು ಮಾತಾಡೋದು ಕೇಳಿದ್ರೆ ಸಾಕು." ಆ ರೇಡಿಯೋವನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೈಗೆ ಬರುವುದೂ ಹೆಚ್ಚುಕಡಿಮೆ ಅಂಥದ್ದೇ.

ಮೊದಲು ಇದನ್ನು ನೋಡಿ

ಹಿಂದಿನ ರಟ್ಟು ಬಿಚ್ಚಿ. ಒಳಗೆ ಭಾರವಾದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇದೆಯಾ? ವಾಲ್ವುಗಳ ಹೆಸರು ಇಸಿಎಚ್81, ಇಬಿಎಫ್89, ಇಎಲ್84, ಇಝಡ್80 ಅಂತ 'ಇ' ಅಕ್ಷರದಿಂದ ಶುರುವಾಗುತ್ತದಾ? ಹಾಗಿದ್ದರೆ ಮುಂದೆ ಓದಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ, ಯುಸಿಎಚ್81, ಯುಸಿಎಲ್82, ಯುವೈ85 ಅಂತ 'ಯು' ಅಕ್ಷರದ ವಾಲ್ವುಗಳಿದ್ದರೆ ಅದು ಎಸಿ-ಡಿಸಿ ಸೆಟ್. ಅದರಲ್ಲಿ ಮನೆಯ 230 ವೋಲ್ಟ್ ನೇರವಾಗಿ ಚಾಸಿಗೆ, ಅಂದರೆ ಎಲ್ಲ ಭಾಗಗಳನ್ನು ಕೂರಿಸಿದ ಲೋಹದ ತಗಡಿಗೆ, ಬರಬಹುದು. ಪ್ಲಗ್ ತಿರುಗಿಸಿ ಹಾಕಿದರೆ ಸಾಕು, ಇಡೀ ತಗಡು, ನಾಬ್ ಬಿಗಿಯುವ ಸಣ್ಣ ಸ್ಕ್ರೂ ಸಮೇತ, ಫೇಸ್ ಆಗಿರುತ್ತದೆ. ರೇಡಿಯೋವನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಮೊದಲ ಸಲ ಕಲಿಯುವವರು ಅಂಥದ್ದನ್ನು ಪಕ್ಕಕ್ಕಿಟ್ಟು, ಗೊತ್ತಿರುವವರ ಜೊತೆ ಕೂತು ಮಾಡುವುದು ಒಳ್ಳೆಯದು.

ಟ್ರಾನ್ಸ್‌ಫಾರ್ಮರ್ ಇರುವ ಸೆಟ್ ಕೂಡ ಆಟದ ಸಾಮಾನಲ್ಲ. ಒಳಗೆ 250 ವೋಲ್ಟ್‌ಗೂ ಜಾಸ್ತಿ ಡಿಸಿ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ದೊಡ್ಡ ಕಂಡೆನ್ಸರ್‌ಗಳಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಅದಕ್ಕೆ ನಾನು ಮಾಡುವುದು ಇಷ್ಟು. ಪ್ಲಗ್ ಕಿತ್ತು ಮೇಜಿನ ಮೇಲೆ ಕಣ್ಣೆದುರೇ ಇಟ್ಟುಕೊಳ್ಳುತ್ತೇನೆ, ಬರೀ ಸ್ವಿಚ್ ನಂಬುವುದಿಲ್ಲ. 10 ಕಿಲೋ ಓಮ್‌ನ, 5 ವ್ಯಾಟಿನ ಒಂದು ರೆಸಿಸ್ಟರ್‌ಗೆ ಎರಡೂ ಕಡೆ ವೈರ್ ಬೆಸೆದು, ಸ್ಲೀವ್ ಹಾಕಿ, ತುದಿಗೆ ಕ್ಲಿಪ್ ಹಾಕಿ ಇಟ್ಟುಕೊಂಡಿದ್ದೇನೆ. ಅದನ್ನು ಕಂಡೆನ್ಸರ್‌ನ ಪ್ಲಸ್, ಮೈನಸ್ ಮಧ್ಯೆ ಹತ್ತು ಸೆಕೆಂಡ್ ಹಿಡಿಯಬೇಕು. ಆಮೇಲೆ ಮೀಟರ್ ಇಟ್ಟು ಸೊನ್ನೆ ತೋರಿಸುತ್ತದಾ ನೋಡಬೇಕು. ಸ್ಕ್ರೂಡ್ರೈವರ್ ತಾಗಿಸಿ ಚಟ್ ಅನ್ನಿಸುವ ಅಭ್ಯಾಸ ಕೆಲವರಿಗಿದೆ. ಅದು ಬೇಡ, ಕಿಡಿ ಹಾರಿ ಕಣ್ಣಿಗೂ ಅಪಾಯ, ಕಂಡೆನ್ಸರ್‌ಗೂ ಕೆಡುಕು. ಕರೆಂಟ್ ಇರುವಾಗ ವೋಲ್ಟೇಜ್ ಅಳೆಯಬೇಕಾದರೆ ಮೀಟರ್‌ನ ಕಪ್ಪು ಕ್ಲಿಪ್ಪನ್ನು ಮೊದಲೇ ಚಾಸಿಗೆ ಹಾಕಿ, ಒಂದು ಕೈಯಲ್ಲಿ ಮಾತ್ರ ಕೆಂಪು ಪ್ರೋಬ್ ಹಿಡಿಯಿರಿ, ಇನ್ನೊಂದು ಕೈ ಬೆನ್ನ ಹಿಂದೆ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ. ನಮ್ಮ ಹಳೇ ಮನೆಗಳ ಕೆಂಪು ನೆಲ ಮಳೆಗಾಲದಲ್ಲಿ ಬೆವರುತ್ತದೆ, ಅದರ ಮೇಲೆ ಬರಿಗಾಲಲ್ಲಿ ನಿಂತು ಈ ಕೆಲಸ ಖಂಡಿತ ಮಾಡಬೇಡಿ.

ಬೇಕಾದ ಸಾಮಾನು

25 ವ್ಯಾಟಿನ ಸೋಲ್ಡರ್ ಐರನ್, ಚಾಸಿಗೆ ಬೆಸೆದ ಕಡೆಗಳಿಗೆ 60 ವ್ಯಾಟಿನದು, 60/40 ಸೋಲ್ಡರ್ ವೈರ್, ಸಣ್ಣ ಕಟರ್, ನೋಸ್ ಪ್ಲೈಯರ್, ಡಿಜಿಟಲ್ ಮಲ್ಟಿಮೀಟರ್, ಸ್ಲೀವ್. ಕೊಳಾಯಿ ಕೆಲಸದ ಆಸಿಡ್ ಫ್ಲಕ್ಸ್ ಹತ್ತಿರಕ್ಕೂ ತರಬೇಡಿ, ರಾಳದ ಫ್ಲಕ್ಸ್ ಮಾತ್ರ. ಇದರ ಜೊತೆಗೆ ಒಂದು ಸೀರೀಸ್ ಬಲ್ಬ್ ಬೋರ್ಡ್. ಹೋಲ್ಡರ್‌ಗೆ 60 ವ್ಯಾಟಿನ ಹಳೇ ಥರದ, ತಂತಿ ಉರಿಯುವ ಬಲ್ಬ್ ಹಾಕಿ, ಅದರ ಮೂಲಕವೇ ರೇಡಿಯೋಗೆ ಕರೆಂಟ್ ಹೋಗುವ ಹಾಗೆ ಸಾಕೆಟ್ ಜೋಡಿಸಿಕೊಳ್ಳಬೇಕು. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ.

ಕಂಡೆನ್ಸರ್ ಕೊಳ್ಳುವಾಗ ಹಳೇ ಲೆಕ್ಕ, ಹೊಸ ಲೆಕ್ಕ ಬೇರೆ ಅಂತ ಗಾಬರಿಯಾಗುವುದು ಬೇಡ. ಹಳೇದರ ಮೇಲೆ 0.05 (ಮೈಕ್ರೋಫ್ಯಾರಡ್, ಕಂಡೆನ್ಸರ್ ಅಳೆಯುವ ಮಾನ) ಅಂತಿದ್ದರೆ ಈಗ 0.047 ಸಿಗುತ್ತದೆ, ಅದೇ ಸರಿ. 0.02 ಇದ್ದರೆ 0.022, 0.005 ಇದ್ದರೆ 0.0047. ಆ ಕಾಲದಲ್ಲಿ ಇಪ್ಪತ್ತು ಪರ್ಸೆಂಟ್ ಹೆಚ್ಚುಕಡಿಮೆ ಇರುವುದು ಮಾಮೂಲಿ, ಹಾಗಾಗಿ ಈ ಸಣ್ಣ ವ್ಯತ್ಯಾಸ ರೇಡಿಯೋಗೆ ಗೊತ್ತೇ ಆಗುವುದಿಲ್ಲ. ಹೊಸದರ ಮೇಲೆ ಮೂರು ಅಂಕಿ ಬರೆದಿರುತ್ತಾರೆ. 103 ಅಂದರೆ 0.01 ಮೈಕ್ರೋಫ್ಯಾರಡ್, 223 ಅಂದರೆ 0.022, 473 ಅಂದರೆ 0.047, 104 ಅಂದರೆ 0.1. ಮೊದಲೆರಡು ಅಂಕಿ ಬರೆದು, ಮೂರನೆಯದು ಎಷ್ಟೋ ಅಷ್ಟು ಸೊನ್ನೆ ಹಾಕಿದರೆ ಪಿಕೋಫ್ಯಾರಡ್ ಬರುತ್ತದೆ.

ಕಾಗದದ ಕಂಡೆನ್ಸರ್ ಜಾಗಕ್ಕೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಫಿಲ್ಮ್ ಕಂಡೆನ್ಸರ್, ಎಲ್ಲವೂ 630 ವೋಲ್ಟಿನದೇ ತನ್ನಿ. ಎಲ್ಲಿ 250 ಸಾಕು, ಎಲ್ಲಿ 400 ಬೇಕು ಅಂತ ಲೆಕ್ಕ ಹಾಕುತ್ತಾ ಕೂರುವುದಕ್ಕಿಂತ ಇದು ವಾಸಿ, ಬೆಲೆಯಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಎಲೆಕ್ಟ್ರೋಲೈಟಿಕ್ ಆದರೆ 450 ವೋಲ್ಟ್, 105 ಡಿಗ್ರಿಯದು. ಹಾಸನದಲ್ಲಿ ಸಿಗದ ಅಳತೆಯ ಕಂಡೆನ್ಸರ್‌ಗಳನ್ನು ನಾನು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದಾಗ ಒಟ್ಟಿಗೆ ತಂದುಬಿಡುತ್ತೇನೆ. "ಹಳೇ ಸ್ಟಾಕ್, ಒರಿಜಿನಲ್" ಅಂತ ಯಾರಾದರೂ ಉಪಯೋಗಿಸದ ಕಾಗದದ ಕಂಡೆನ್ಸರ್ ಕೊಟ್ಟರೆ ತಗೋಬೇಡಿ. ಡಬ್ಬಿಯಲ್ಲಿ ಸುಮ್ನೆ ಕೂತಿದ್ದರೂ ಅದಕ್ಕೆ ವಯಸ್ಸಾಗಿರುತ್ತದೆ.

ಯಾವುದು ತೆಗೆಯಬೇಕು, ಯಾವುದು ಮುಟ್ಟಬಾರದು

ಚಾಸಿ ಹೊರಗೆ ತೆಗೆದು ತಿರುಗಿಸಿ ಇಡಿ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ನಮ್ಮ ಕಡೆಯ ರೇಡಿಯೋಗಳಲ್ಲಿ ಜೇಡನ ಬಲೆ, ಕಣಜದ ಮಣ್ಣಿನ ಗೂಡು, ಇಲಿ ಕಡಿದ ಡಯಲ್ ದಾರ ಇವೆಲ್ಲ ಇರುವುದೇ. ಅಜ್ಜಿಯ ರೇಡಿಯೋದಲ್ಲಿ ಇಎಲ್84 ವಾಲ್ವಿನ ಬುಡದ ಹತ್ತಿರ ಒಂದು ಕಂಡೆನ್ಸರ್ ಬಿಸಿಗೆ ಮೇಣ ಸುರಿಸಿಕೊಂಡಿತ್ತು. ಮೇಣ ಚಾಸಿಯ ಮೇಲೆ ಬೆಲ್ಲದ ಪಾಕದ ಹಾಗೆ ಹರಿದು ಗಟ್ಟಿಯಾಗಿ, ಅದರೊಳಗೆ ಒಂದು ಸಣ್ಣ ದುಂಬಿ ರೆಕ್ಕೆ ಬಿಚ್ಚಿದ ಹಾಗೇ ಸಿಕ್ಕಿಕೊಂಡಿತ್ತು. ಮೇಣ ಸುರಿದಿದೆ ಅಂದರೆ ಆ ಜಾಗ ತುಂಬಾ ಬಿಸಿಯಾಗಿದೆ ಅಂತ ಅರ್ಥ.

ಈಗ ಫೋಟೋ ತೆಗೆಯಿರಿ. ನಾಲ್ಕು ದಿಕ್ಕಿನಿಂದ, ಹತ್ತಿರದಿಂದ, ದೂರದಿಂದ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಕೈಯಾರೆ ಚಿತ್ರ ಬರೆಯಿರಿ: ಈ ಕಂಡೆನ್ಸರ್, ಮೈಕ್ರೋಫ್ಯಾರಡ್ ಇಷ್ಟು, ಒಂದು ಕಾಲು ಈ ವಾಲ್ವಿನ ಇಷ್ಟನೇ ಪಿನ್ನಿಗೆ, ಇನ್ನೊಂದು ಇಲ್ಲಿಗೆ. ಫೋಟೋ ಇದೆಯಲ್ಲ ಅಂತ ಚಿತ್ರ ಬಿಡಬೇಡಿ. ಫೋಟೋದಲ್ಲಿ ವೈರ್ ಹಿಂದೆ ಮರೆಯಾದ ಬೆಸುಗೆ ಕಾಣುವುದಿಲ್ಲ, ಆದರೆ ಚಿತ್ರ ಬರೆಯುವಾಗ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ.

ತೆಗೆಯಬೇಕಾದ್ದು ಮೇಣದ ಕೊಳವೆಗಳು, ಡಾಂಬರಿನಂಥ ಕಪ್ಪು ಮುಚ್ಚಳದವು, ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿ ಈಗ ಉದ್ದಕ್ಕೂ ಬಿರುಕು ಬಿಟ್ಟವು, ಎಲ್ಲಾ ಎಲೆಕ್ಟ್ರೋಲೈಟಿಕ್‌ಗಳು. ಬಿಡಬೇಕಾದ್ದು ಅಂಚೆ ಚೀಟಿಯಷ್ಟು ಚಪ್ಪಟೆಯಾದ ಮೈಕಾ ಕಂಡೆನ್ಸರ್, ಬಣ್ಣ ಬಳಿದ ಸೆರಾಮಿಕ್‌ಗಳು. ಇವು ಹಾಳಾಗುವುದು ಕಡಿಮೆ, ಸುಮ್ನೆ ಬದಲಿಸಿದರೆ ಟ್ಯೂನಿಂಗ್ ಅಲುಗಾಡುತ್ತದೆ. ಅಲ್ಯೂಮಿನಿಯಂ ಡಬ್ಬಿಗಳಲ್ಲಿರುವ ಐಎಫ್ ಟ್ರಾನ್ಸ್‌ಫಾರ್ಮರ್‌ಗಳ (ಟ್ಯೂನಿಂಗ್‌ಗೆ ಹದ ಮಾಡಿಟ್ಟ ಕಾಯಿಲ್‌ಗಳು) ಮೇಲಿನ ಸ್ಕ್ರೂ ಮಾತ್ರ ಯಾವ ಕಾರಣಕ್ಕೂ ತಿರುಗಿಸಬೇಡಿ. ಸಡಿಲವಾಗಿದೆ ಅಂತ ಬಿಗಿ ಮಾಡಿಬಿಟ್ಟರೆ ಅಲೈನ್‌ಮೆಂಟ್, ಅಂದರೆ ಆ ಹದ, ಹೋಯಿತು, ಅದನ್ನು ಸರಿಮಾಡಲು ಸಿಗ್ನಲ್ ಜನರೇಟರ್ ಬೇಕು.

"ಮೀಟರ್‌ನಲ್ಲಿ ನೋಡಿದೆ, ಚೆನ್ನಾಗಿದೆ" ಅಂತ ಹಲವರು ಕಾಗದದ ಕಂಡೆನ್ಸರ್ ಬಿಟ್ಟುಬಿಡುತ್ತಾರೆ. ಮಲ್ಟಿಮೀಟರ್ ಕೆಲವೇ ವೋಲ್ಟ್ ಕೊಟ್ಟು ನೋಡುತ್ತದೆ. ರೇಡಿಯೋ ಒಳಗೆ ಅದರ ಮೇಲೆ ನೂರು, ಇನ್ನೂರು ವೋಲ್ಟ್ ಬೀಳುತ್ತದೆ. ಸೋರುವುದು ಆಗ. ಅಷ್ಟೇ ಅಲ್ಲ, ಸೋರುವ ಕಂಡೆನ್ಸರ್‌ಗೆ ಮೀಟರ್ ಎಷ್ಟೋ ಸಲ ಇರುವುದಕ್ಕಿಂತ ಜಾಸ್ತಿ ಮೈಕ್ರೋಫ್ಯಾರಡ್ ತೋರಿಸುತ್ತದೆ, ನೋಡಿದವರಿಗೆ ಗಟ್ಟಿಮುಟ್ಟಾಗಿದೆ ಅನ್ನಿಸುತ್ತದೆ.

ಶುರು ಇಲ್ಲಿಂದ

ಎಲ್ಲವನ್ನೂ ಒಟ್ಟಿಗೆ ಕತ್ತರಿಸಿ ಹಾಕಬೇಡಿ. ಒಂದು ತೆಗೆಯಿರಿ, ಅದೇ ಜಾಗಕ್ಕೆ ಹೊಸದು ಹಾಕಿ, ನೋಟ್‌ಬುಕ್ಕಿನಲ್ಲಿ ಗುರುತು ಮಾಡಿ, ಆಮೇಲೆ ಮುಂದಿನದು.

ಮೊದಲನೆಯದು ಔಟ್‌ಪುಟ್ ವಾಲ್ವಿನ (ಸ್ಪೀಕರ್ ನಡೆಸುವ ವಾಲ್ವ್) ಗ್ರಿಡ್‌ಗೆ, ಅಂದರೆ ವಾಲ್ವಿನ ಕರೆಂಟ್ ಹತೋಟಿಯಲ್ಲಿಡುವ ಜಾಲರಿಗೆ, ಬರುವ ಕಪ್ಲಿಂಗ್ ಕಂಡೆನ್ಸರ್. ಇಡೀ ರೇಡಿಯೋದಲ್ಲಿ ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿಲ್ಲ. ಸಾಮಾನ್ಯವಾಗಿ 0.01 ಅಥವಾ 0.02 ಇರುತ್ತದೆ. ಇಎಲ್84 ಆದರೆ ಗ್ರಿಡ್ 2ನೇ ಪಿನ್, ಬುಡದಿಂದ ನೋಡುವಾಗ ಪಿನ್‌ಗಳ ಮಧ್ಯದ ಅಗಲ ಸಂದಿಯಿಂದ ಗಡಿಯಾರದ ದಿಕ್ಕಿನಲ್ಲಿ ಎಣಿಸಬೇಕು. ಈ ಕಂಡೆನ್ಸರ್‌ನ ಕೆಲಸ ಹಿಂದಿನ ವಾಲ್ವಿನಿಂದ ಧ್ವನಿಯನ್ನು ಮಾತ್ರ ದಾಟಿಸಿ, ಅಲ್ಲಿನ ಡಿಸಿಯನ್ನು ತಡೆಯುವುದು. ಇಎಲ್84ರ ಗ್ರಿಡ್ ಅದರ ಕ್ಯಾಥೋಡಿಗಿಂತ (ಬಿಸಿಯಾಗಿ ಎಲೆಕ್ಟ್ರಾನ್ ಹೊರಡಿಸುವ ಭಾಗ) ಸುಮಾರು 7 ವೋಲ್ಟ್ ಕೆಳಗಿರಬೇಕು, ಆಗಲೇ ವಾಲ್ವ್ ಹದವಾಗಿ ಕರೆಂಟ್ ಎಳೆಯುತ್ತದೆ. ಕಂಡೆನ್ಸರ್ ಸೋರಿತೋ, ಗ್ರಿಡ್ ಮೇಲೆ ಪ್ಲಸ್ ವೋಲ್ಟೇಜ್ ಏರುತ್ತದೆ, ವಾಲ್ವ್ ತನ್ನ ಶಕ್ತಿ ಮೀರಿ ಎಳೆಯುತ್ತದೆ, ಎಲೆಕ್ಟ್ರಾನ್ ಹೋಗಿ ಸೇರುವ ಪ್ಲೇಟ್ ಕೆಂಪಗಾಗುತ್ತದೆ, ಅದರ ಜೊತೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತು ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಎರಡೂ ಹೋಗಬಹುದು. ಇಷ್ಟೆಲ್ಲ ಆಗುವಾಗಲೂ ರೇಡಿಯೋ ಹಾಡುತ್ತಲೇ ಇರುತ್ತದೆ, ಧ್ವನಿ ಸ್ವಲ್ಪ ಒಡೆದ ಹಾಗಿರುತ್ತದೆ ಅಷ್ಟೇ. ಜನ ಹಾಡು ಬರುತ್ತಿದೆ ಅಂತ ಖುಷಿಯಾಗಿ ಕೇಳುತ್ತಾ ಕೂರುತ್ತಾರೆ.

ಅಜ್ಜಿಯ ರೇಡಿಯೋದ ಆ ಕಂಡೆನ್ಸರನ್ನು ನಾನು ಆಮೇಲೆ, ಉಳಿದ ಕೆಲಸ ಎಲ್ಲ ಮುಗಿದ ಮೇಲೆ, ಮೊಮ್ಮಗನಿಗೆ ತೋರಿಸಲೆಂದೇ ಒಂದು ಸಲ ವಾಪಸ್ ಹಾಕಿ ಪರೀಕ್ಷೆ ಮಾಡಿದೆ. ಇಎಲ್84 ಕಿತ್ತು ಪಕ್ಕಕ್ಕಿಟ್ಟು, ಗ್ರಿಡ್ ಪಿನ್ನಿಗೆ ಮೀಟರ್ ಹಿಡಿದೆ. ಮೊದಲು 3 ವೋಲ್ಟ್. ವಾಲ್ವುಗಳು ಬಿಸಿಯಾಗುತ್ತಾ ಬಂದ ಹಾಗೆ 9, 14, ಕೊನೆಗೆ 18 ವೋಲ್ಟ್‌ಗೆ ನಿಂತಿತು. ಅಲ್ಲಿ ಇರಬೇಕಾದ್ದು ಸೊನ್ನೆ. ಹುಡುಗ ಉಸಿರು ಬಿಗಿಹಿಡಿದು ನೋಡಿದ. ಹೊಸ 103 ಹಾಕಿದ ಮೇಲೆ ಮೀಟರ್ ಸೊನ್ನೆ ಬಿಟ್ಟು ಅಲ್ಲಾಡಲಿಲ್ಲ. ನೀವು ಹೊಸದು ಹಾಕಿದ ಮೇಲೂ, ವಾಲ್ವ್ ಹಾಕಿದಾಗ ಮಾತ್ರ ಗ್ರಿಡ್‌ನಲ್ಲಿ ಪ್ಲಸ್ ವೋಲ್ಟೇಜ್ ಬಂದರೆ ತಪ್ಪು ವಾಲ್ವಿನದು, ಒಳಗೆ ಗ್ಯಾಸ್ ಆಗಿದೆ ಅಂತ ತಿಳಿಯಿರಿ.

ಬೆಸುಗೆ ಬಿಚ್ಚುವಾಗ ಒಂದು ಮಾತು. ಹಳೇ ಕಾಲದವರು ಕಾಲನ್ನು ಟ್ಯಾಗ್‌ಗೆ (ವೈರ್ ಬೆಸೆಯುವ ಸಣ್ಣ ಲೋಹದ ಕಿವಿ) ಎರಡು ಸುತ್ತು ಸುತ್ತಿ ಬೆಸೆಯುತ್ತಿದ್ದರು. ಅದನ್ನು ಎಳೆದಾಡಿದರೆ ಟ್ಯಾಗ್ ಮುರಿಯುತ್ತದೆ, ಪಕ್ಕದ ವೈರಿನ ಹಳೇ ರಬ್ಬರ್ ಹಪ್ಪಳದ ಹಾಗೆ ಉದುರುತ್ತದೆ. ಅಂಥ ಇಕ್ಕಟ್ಟಿನ ಜಾಗದಲ್ಲಿ ಹಳೇ ಕಂಡೆನ್ಸರ್‌ನ ಕಾಲನ್ನು ಮೈ ಹತ್ತಿರ ಕತ್ತರಿಸಿ, ಒಂದು ಸೆಂಟಿಮೀಟರ್ ತುಂಡು ಅಲ್ಲೇ ಬಿಡಿ. ಹೊಸದರ ಕಾಲನ್ನು ತೆಳು ಸ್ಕ್ರೂಡ್ರೈವರ್ ಮೇಲೆ ಮೂರು ಸುತ್ತು ಸುತ್ತಿ ಸ್ಪ್ರಿಂಗ್ ಮಾಡಿ, ಆ ತುಂಡಿನ ಮೇಲೆ ಜಾರಿಸಿ ಬೆಸೆಯಿರಿ. ಗಟ್ಟಿಯಾಗಿ ಕೂರುತ್ತದೆ. ಹಳೇ ತುಂಡನ್ನು ಮೊದಲು ಬ್ಲೇಡಿನಿಂದ ಕೆರೆದು ಹೊಳಪು ಬರಿಸಿಕೊಳ್ಳಬೇಕು, ಇಲ್ಲದಿದ್ದರೆ ಸೋಲ್ಡರ್ ಹಿಡಿಯುವುದಿಲ್ಲ.

ಎರಡನೆಯದು ಎವಿಸಿ ಲೈನಿನ (ಹತ್ತಿರದ, ದೂರದ ಸ್ಟೇಷನ್‌ಗಳ ಧ್ವನಿಯನ್ನು ತಾನಾಗಿ ಸಮ ಮಾಡುವ ಲೈನ್) ಕಂಡೆನ್ಸರ್, ಬಹುಪಾಲು 0.05 ಅಥವಾ 0.1. ಇದು ಸೋರಿದರೆ ಹತ್ತಿರದ ಸ್ಟೇಷನ್ ಕಿವಿಗಪ್ಪಳಿಸುತ್ತದೆ, ದೂರದ್ದು ಏರಿಳಿಯುತ್ತದೆ. ಆಮೇಲೆ ಸ್ಕ್ರೀನ್ ಗ್ರಿಡ್‌ಗಳಿಂದ (ವಾಲ್ವಿನ ಒಳಗಿನ ಎರಡನೇ ಜಾಲರಿ) ಚಾಸಿಗೆ ಹೋಗುವವು. ಅವು ಸೋರಿದ ಕಡೆ ಪಕ್ಕದ ರೆಸಿಸ್ಟರ್ ಕಪ್ಪಾಗಿರುತ್ತದೆ, ಅದನ್ನೂ ಅಳೆದು ನೋಡಿ, ಓಮ್ ತುಂಬಾ ಏರಿದ್ದರೆ ಬದಲಿಸಿ. ಈ ಕಂಡೆನ್ಸರ್‌ಗಳ ಕಾಲು ಆದಷ್ಟು ಗಿಡ್ಡ ಇರಲಿ.

ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಅಡ್ಡಲಾಗಿ 0.002ರಿಂದ 0.005ರವರೆಗಿನ ಒಂದು ಇರುತ್ತದೆ. ಅಲ್ಲಿ ಧ್ವನಿಯ ಜೊತೆ ವೋಲ್ಟೇಜ್ ತುಂಬಾ ಎಗರುತ್ತದೆ, ಅದಕ್ಕೆ 630 ಸಾಲದು, 1000 ವೋಲ್ಟ್ ಅಥವಾ ಇನ್ನೂ ಮೇಲಿನದು ಹಾಕಿ. ಕರೆಂಟ್ ಬರುವ ಕಡೆ, ಮೇನ್ಸ್ ವೈರಿಗೆ ಒಂದು ಕಂಡೆನ್ಸರ್ ಇದ್ದರೆ ಅದಕ್ಕೆ ಮಾಮೂಲಿ ಫಿಲ್ಮ್ ಬೇಡ. ಎರಡು ವೈರಿನ ಮಧ್ಯೆ ಇದ್ದರೆ ಎಕ್ಸ್2, ವೈರಿನಿಂದ ಚಾಸಿಗೆ ಇದ್ದರೆ ವೈ2 ಅಂತ ಬರೆದಿರುವ ಸೇಫ್ಟಿ ಕಂಡೆನ್ಸರ್‌ಗಳೇ ಆಗಬೇಕು.

ದೊಡ್ಡ ಡಬ್ಬಿ

ಚಾಸಿ ಮೇಲೆ ನಿಂತಿರುವ ಅಲ್ಯೂಮಿನಿಯಂ ಡಬ್ಬಿಯಲ್ಲಿ ಎರಡು ಕಂಡೆನ್ಸರ್ ಇರುತ್ತವೆ, 32+32 ಅಥವಾ 50+50 ಮೈಕ್ರೋಫ್ಯಾರಡ್, 350 ವೋಲ್ಟ್. ಇದು ಒಣಗಿದರೆ ರೇಡಿಯೋ ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ. ಡಬ್ಬಿ ನೋಡಲು ಚೆಂದ, ಅದನ್ನು ಅಲ್ಲೇ ಬಿಡಿ. ಅದರ ವೈರುಗಳನ್ನು ಬಿಚ್ಚಿ, ಚಾಸಿ ಕೆಳಗೆ ಒಂದು ಟ್ಯಾಗ್ ಸ್ಟ್ರಿಪ್ ಹಾಕಿ, ಹಳೇದು 32+32 ಆದರೆ ಅಲ್ಲಿ ಹೊಸ ಎರಡು 33 ಮೈಕ್ರೋಫ್ಯಾರಡ್ ಕೂರಿಸಿ. ಹಳೇದನ್ನು ಬಿಚ್ಚದೆ ಅದರ ಪಕ್ಕಕ್ಕೇ ಹೊಸದು ಬೆಸೆಯುವುದು ತಪ್ಪು. ಹಳೇದು ಸೋರುತ್ತಲೇ ಇರುತ್ತದೆ.

ಜಾಸ್ತಿ ಹಾಕಿದರೆ ಗುಂಯ್ ಇನ್ನೂ ಕಡಿಮೆಯಾಗುತ್ತೆ ಅಲ್ವಾ ಅಂತ ಕೇಳುವವರಿದ್ದಾರೆ. ರೆಕ್ಟಿಫೈಯರ್ ಪಕ್ಕದ ಮೊದಲ ಕಂಡೆನ್ಸರ್ ದೊಡ್ಡದಾದಷ್ಟೂ ವಾಲ್ವ್ ಮೇಲೆ ಹೊಡೆತ ಹೆಚ್ಚು. ಇಝಡ್80ಗೆ 50 ಮೈಕ್ರೋಫ್ಯಾರಡ್ ಗಡಿ. ಇದ್ದಷ್ಟೇ ಹಾಕಿ.

ಪ್ಲಸ್, ಮೈನಸ್ ಮೂರು ಸಲ ನೋಡಿ. ತಿರುಗಿಸಿ ಹಾಕಿದರೆ ಸಿಡಿಯುತ್ತದೆ. ಇನ್ನೊಂದು ಸೂಕ್ಷ್ಮ ಇದೆ, ಇಲ್ಲಿ ತುಂಬಾ ಜನ ಎಡವುತ್ತಾರೆ. ಡಬ್ಬಿಯ ಕೆಳಗೆ ರಟ್ಟಿನ ವಾಷರ್ ಇದ್ದರೆ ಅದರ ಮೈನಸ್ ಚಾಸಿಗೆ ಸೇರಿಲ್ಲ ಅಂತ ಅರ್ಥ. ಅಂಥ ಸೆಟ್‌ಗಳಲ್ಲಿ ಮೈನಸ್ ಹೋಗುವುದು ಟ್ರಾನ್ಸ್‌ಫಾರ್ಮರ್‌ನ ಮಧ್ಯದ ವೈರಿಗೆ, ಅಲ್ಲಿಂದ ಒಂದು ರೆಸಿಸ್ಟರ್ ಮೂಲಕ ಚಾಸಿಗೆ. ಔಟ್‌ಪುಟ್ ವಾಲ್ವಿನ ಬಯಾಸ್ (ಗ್ರಿಡ್‌ಗೆ ಬೇಕಾದ ಮೈನಸ್ ವೋಲ್ಟೇಜ್) ಹುಟ್ಟುವುದೇ ಆ ರೆಸಿಸ್ಟರ್‌ನಲ್ಲಿ. ಹೊಸದರ ಮೈನಸ್ಸನ್ನು ಸುಮ್ನೆ ಚಾಸಿಗೆ ಬೆಸೆದರೆ ರೇಡಿಯೋ ಗುಂಯ್ ಅನ್ನಲು ಶುರುಮಾಡುತ್ತದೆ. ಹಳೇ ಮೈನಸ್ ಎಲ್ಲಿಗೆ ಹೋಗಿತ್ತೋ ಹೊಸದೂ ಅಲ್ಲಿಗೇ.

ಔಟ್‌ಪುಟ್ ವಾಲ್ವಿನ ಕ್ಯಾಥೋಡ್‌ಗೆ 25 ಮೈಕ್ರೋಫ್ಯಾರಡ್, 25 ವೋಲ್ಟಿನ ಸಣ್ಣದೊಂದು ಇದ್ದರೆ 22 ಅಥವಾ 33, 50 ವೋಲ್ಟಿನದು ಹಾಕಿ ಮುಗಿಸಿ.

ಕರೆಂಟ್ ಕೊಡುವ ದಿನ

ರಾತ್ರಿ ಸುಸ್ತಾಗಿ ಕೆಲಸ ಮುಗಿಸಿದ ಕೂಡಲೇ ಬೇಡ. ಬೆಳಿಗ್ಗೆ ಎದ್ದು, ನೋಟ್‌ಬುಕ್ ಇಟ್ಟುಕೊಂಡು ಒಂದೊಂದೇ ಬೆಸುಗೆ ಮತ್ತೆ ನೋಡಿ. ಮೇನ್ಸ್ ವೈರ್ ಹಳೇ ಬಟ್ಟೆ ಸುತ್ತಿದ್ದಾದರೆ ಹೊಸದು ಹಾಕಿ. ಹಿಂದೆ 110, 220, 250 ಅಂತ ವೋಲ್ಟೇಜ್ ಸೆಲೆಕ್ಟರ್ ಇದ್ದರೆ ಎಲ್ಲಕ್ಕಿಂತ ಮೇಲಿನದಕ್ಕೆ ತಿರುಗಿಸಿ. ಸ್ಪೀಕರ್ ಜೋಡಿಸದೆ ಆನ್ ಮಾಡಬೇಡಿ.

ರೆಕ್ಟಿಫೈಯರ್ ವಾಲ್ವ್ ಕಿತ್ತು, ಸೀರೀಸ್ ಬಲ್ಬ್ ಮೂಲಕ ಮೊದಲು ಆನ್ ಮಾಡಿ. ಬಲ್ಬ್ ಒಂದು ಕ್ಷಣ ಬೆಳಗಿ ಮಂಕಾಗಬೇಕು, ವಾಲ್ವುಗಳ ಒಳಗೆ ನಿಧಾನವಾಗಿ ಕೆಂಡದ ಬಣ್ಣ ಬರಬೇಕು. ಬಲ್ಬ್ ಪೂರ್ತಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಆಫ್ ಮಾಡಿ ಹುಡುಕಿ. ಇದು ಸರಿ ಹೋದರೆ ಪ್ಲಗ್ ಕಿತ್ತು, ರೆಕ್ಟಿಫೈಯರ್ ಹಾಕಿ ಮತ್ತೆ ಅದೇ ಪರೀಕ್ಷೆ. ಮೊದಲ ಹತ್ತು ನಿಮಿಷ ಪಕ್ಕದಿಂದ ಕದಲಬೇಡಿ. ಮೂಗು ತೆರೆದಿಡಿ, ಸುಟ್ಟ ವಾಸನೆ ಹೊಗೆಗಿಂತ ಮೊದಲು ಬರುತ್ತದೆ. ಎಲ್ಲ ಸರಿಯಿದ್ದರೆ ಬಲ್ಬ್ 100 ವ್ಯಾಟಿಗೆ ಬದಲಿಸಿ, ಆಮೇಲೆ ನೇರ ಕರೆಂಟ್. ನೇರ ಕರೆಂಟ್‌ನಲ್ಲಿ ಇಎಲ್84ರ 3ನೇ ಪಿನ್ ಅಳೆಯಿರಿ, ಕ್ಯಾಥೋಡ್ ರೆಸಿಸ್ಟರ್ ಇರುವ ಸೆಟ್‌ನಲ್ಲಿ 7 ವೋಲ್ಟ್ ಆಸುಪಾಸು ಇರಬೇಕು.

ಹಾಸನ ಆಕಾಶವಾಣಿ ಸಿಗಲಿಲ್ಲ ಅಂತ ಬೇಸರ ಬೇಡ. ಅದು ಎಫ್‌ಎಂ, ಈ ರೇಡಿಯೋಗಳಲ್ಲಿ ಬಹುಪಾಲು ಇರುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್. ಮೀಡಿಯಂ ವೇವ್‌ನಲ್ಲಿ ಭದ್ರಾವತಿಯ ಜಾಗ 675 ಕಿಲೋಹರ್ಟ್ಸ್, ಬೆಂಗಳೂರಿನದು 612. ಮನೆಯ ಎಲ್‌ಇಡಿ ಬಲ್ಬ್, ಫೋನ್ ಚಾರ್ಜರ್ ಆಫ್ ಮಾಡಿದರೆ ಗರಗರ ಅರ್ಧ ಕಡಿಮೆಯಾಗುತ್ತದೆ. ಏರಿಯಲ್‌ಗೆ ಹತ್ತು ಹದಿನೈದು ಮೀಟರ್ ವೈರ್ ಸಾಕು, ತೋಟದ ಮನೆಯಾದರೆ ಎರಡು ಸಿಲ್ವರ್ ಓಕ್ ಮರಗಳ ಮಧ್ಯೆ ಕಟ್ಟಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಮೋಡ ಕವಿಯುವ ಮೊದಲೇ ಏರಿಯಲ್ಲೂ ಪ್ಲಗ್ಗೂ ಕಿತ್ತುಬಿಡಿ.

ಅಜ್ಜಿಯ ಮನೆಗೆ ರೇಡಿಯೋ ನಾನೇ ತೆಗೆದುಕೊಂಡು ಹೋದೆ. ಅದೇ ಹಳೇ ಗೂಡಿನಲ್ಲಿ ಇಟ್ಟು, ಏರಿಯಲ್ ಕಟ್ಟಿ, ಆನ್ ಮಾಡಿದೆ. ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ ಬೇಕಲ್ಲ, ಆ ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಡಯಲ್ ಹಳದಿಯಾಗಿ ಬೆಳಗಿತು, ಸಣ್ಣಗೆ ಗರಗರ, ಅದರೊಳಗಿಂದ ಕನ್ನಡದ ಧ್ವನಿ ಮೇಲೆದ್ದು ಬಂತು. ಅಜ್ಜಿ ಎದ್ದು ಬಂದು ನಾಬ್ ಸ್ವಲ್ಪ ಎಡಕ್ಕೆ ತಿರುಗಿಸಿದರು. "ಅವರು ಇಷ್ಟೇ ಇಡ್ತಿದ್ದಿದ್ದು" ಅಂದರು.